ವೀಡಿಯೊ ಮುಗಿಯಿತು, ನೋಡಿದ್ದು ಮುಗಿಯಲಿಲ್ಲ

ಕೇಳುವುದಕ್ಕೆ ಚಿಕ್ಕ ಕೆಲಸ. ತರಬೇತಿ ಪಾಠಗಳ ಒಂದು ಜಾಲತಾಣ. ಪ್ರತಿ ಪುಟದಲ್ಲೂ ಒಂದು ವೀಡಿಯೊ. ಅದನ್ನು ಪೂರ್ತಿ ನೋಡಿದವರಿಗೆ ಮಾತ್ರ ‘ಮುಂದಿನ ಪಾಠ’ ಎಂಬ ಗುಂಡಿ ತೆರೆದುಕೊಳ್ಳಬೇಕು. ವೀಡಿಯೊ ಕೊನೆ ಮುಟ್ಟಿದಾಗ ಬ್ರೌಸರ್ ‘ಎಂಡೆಡ್’ ಎಂಬ ಈವೆಂಟ್, ಅಂದರೆ ಹೀಗಾಯಿತು ಎಂಬ ಸಂಕೇತ, ಕಳಿಸುತ್ತದೆ. ಅದಕ್ಕೊಂದು ಲಿಸನರ್ (ಆ ಸಂಕೇತಕ್ಕೆ ಕಾದಿದ್ದು ಕೆಲಸ ಮಾಡುವ ಕೋಡ್) ಸೇರಿಸಿ, ಗುಂಡಿ ತೆರೆಯುವುದನ್ನು ಕಣ್ಣಾರೆ ನೋಡಿ, ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಸಹೋದ್ಯೋಗಿಯೊಬ್ಬರು 20 ನಿಮಿಷದ ಪಾಠವನ್ನು ನನ್ನೆದುರೇ ಕೆಲವು ಸೆಕೆಂಡುಗಳಲ್ಲಿ ಮುಗಿಸಿದರು. ಕೆಳಗಿನ ಪಟ್ಟಿಯನ್ನು ಹಿಡಿದು ಕೊನೆಯವರೆಗೆ ಎಳೆದರು, ಅಷ್ಟೆ. ಎಂಡೆಡ್ ಹೇಳುವುದು ವೀಡಿಯೊ ಕೊನೆಯ ಬಿಂದುವಿಗೆ ಬಂದಿದೆ ಎಂದು ಮಾತ್ರ. ನಡೆದು ಬಂತೋ, ಹಾರಿ ಬಂತೋ ಅದಕ್ಕೆ ಬೇಕಿಲ್ಲ.

ಸರಿ, ನೋಡಿದ ಸಮಯವನ್ನೇ ಎಣಿಸೋಣ ಎಂದುಕೊಂಡೆ. ವೀಡಿಯೊ ಓಡುತ್ತಿರುವಾಗ ‘ಟೈಮ್‌ಅಪ್‌ಡೇಟ್’ ಎಂಬ ಈವೆಂಟ್ ಮತ್ತೆ ಮತ್ತೆ ಬರುತ್ತದೆ. ನನ್ನ ಬ್ರೌಸರಿನಲ್ಲಿ ಸೆಕೆಂಡಿಗೆ ಸುಮಾರು 4 ಸಲ ಬರುತ್ತಿತ್ತು. ಹಾಗಾದರೆ ಪ್ರತಿ ಸಲಕ್ಕೂ ಕಾಲು ಸೆಕೆಂಡ್ ಕೂಡಿಸಿದರಾಯಿತಲ್ಲ! ಈಗ ನೆನೆದರೆ ನಾಚಿಕೆಯಾಗುತ್ತದೆ. ಎಚ್‌ಟಿಎಂಎಲ್ ನಿಯಮಾವಳಿ ಈ ಈವೆಂಟಿಗೆ ಸೆಕೆಂಡಿಗೆ ಸುಮಾರು 4ರಿಂದ 66 ಸಲದವರೆಗೆ ಅವಕಾಶ ಕೊಟ್ಟಿದೆ. ಎಷ್ಟು ಸಲ ಎಂಬುದು ಬ್ರೌಸರಿನ ಇಷ್ಟ. ಬೇರೊಂದು ಬ್ರೌಸರಿನಲ್ಲಿ ಅರ್ಧ ಪಾಠಕ್ಕೇ ಗುಂಡಿ ತೆರೆದುಕೊಂಡಿತು. ಎರಡು ಪಟ್ಟು ವೇಗದಲ್ಲಿ ನೋಡಿದವರಿಗೆ ಪಾಠ ಮುಗಿದರೂ ತೆರೆಯಲಿಲ್ಲ.

ಆಮೇಲೆ ಎಣಿಕೆ ಬಿಟ್ಟು ವ್ಯತ್ಯಾಸ ಹಿಡಿದೆ: ಹಿಂದಿನ ‘ಕರೆಂಟ್‌ಟೈಮ್’ (ವೀಡಿಯೊ ಸದ್ಯ ಇರುವ ಸೆಕೆಂಡ್) ಮತ್ತು ಈಗಿನದರ ನಡುವಿನ ಅಂತರ. ಪಟ್ಟಿ ಎಳೆದಾಗ ಆ ಹಾರಿಕೆಯೂ ಅಂತರದಲ್ಲಿ ಸೇರಿಕೊಂಡಿತು. ‘ಸೀಕಿಂಗ್’ (ಆ ಹಾರಿಕೆ) ನಡೆಯುವಾಗ ಕೂಡಿಸಬಾರದು, ಅದು ಮುಗಿದು ‘ಸೀಕ್ಡ್’ ಬಂದ ಮೇಲೆ ಹೊಸ ಜಾಗದಿಂದ ಶುರು ಮಾಡಬೇಕು ಎಂದೆಲ್ಲ ತೇಪೆ ಹಾಕಿದೆ. ಅದು ನಡೆಯಿತು ಕೂಡ. ಆದರೆ ಮೊದಲ 5 ನಿಮಿಷವನ್ನೇ 4 ಸಲ ನೋಡಿದವರೂ 20 ನಿಮಿಷದ ಪಾಠ ಮುಗಿಸಿದ ಲೆಕ್ಕವಾಗುತ್ತಿತ್ತು.

ಇಷ್ಟು ಸುತ್ತಾಡಿದ ಮೇಲೆ ಕಣ್ಣಿಗೆ ಬಿದ್ದದ್ದು ವೀಡಿಯೊ ಎಲಿಮೆಂಟಿನಲ್ಲೇ ಇರುವ ‘ಪ್ಲೇಡ್’ ಎಂಬ ಗುಣ. ಯಾವ ಯಾವ ಭಾಗ ಓಡಿದೆ ಎಂಬುದನ್ನು ಬ್ರೌಸರ್ ತಾನೇ ಬರೆದಿಟ್ಟುಕೊಂಡಿರುತ್ತದೆ: 0ಯಿಂದ 312 ಸೆಕೆಂಡ್, 540ರಿಂದ 700 ಸೆಕೆಂಡ್, ಹೀಗೆ. ಒಂದರ ಮೇಲೊಂದು ಬಿದ್ದ ಭಾಗಗಳು ಅದರಲ್ಲಿ ಆಗಲೇ ಬೆಸೆದುಕೊಂಡಿರುವುದರಿಂದ ಒಂದೇ ನಿಮಿಷವನ್ನು ಹತ್ತು ಸಲ ನೋಡಿದರೂ ಲೆಕ್ಕಕ್ಕೆ ಒಂದೇ ನಿಮಿಷ. ಪ್ರತಿ ಭಾಗದ ಕೊನೆಯಿಂದ ಆರಂಭವನ್ನು ಕಳೆದು, ಬಂದದ್ದನ್ನೆಲ್ಲ ಕೂಡಿಸಿ, ‘ಡ್ಯುರೇಷನ್’ನಿಂದ, ಅಂದರೆ ಒಟ್ಟು ಅವಧಿಯಿಂದ, ಭಾಗಿಸಿದೆ. ನಾಲ್ಕೈದು ಸಾಲು. ಅಂಚುಗಳಲ್ಲಿ ಚೂರುಪಾರು ಸಮಯ ಬಿಟ್ಟುಹೋದರೂ ತೊಂದರೆಯಾಗದಿರಲಿ ಎಂದು ಶೇಕಡಾ 95 ಆದರೆ ಸಾಕು ಎಂದಿಟ್ಟೆ. ಪುಟವನ್ನು ಮತ್ತೆ ತೆರೆದರೆ ಈ ದಾಖಲೆ ಅಳಿಸಿಹೋಗುತ್ತದೆ. ಅದಕ್ಕಾಗಿ ವೀಡಿಯೊ ನಿಂತು ‘ಪಾಸ್’ ಬಂದಾಗಲೂ, ಪುಟ ಕಣ್ಮರೆಯಾಗಿ ‘ವಿಸಿಬಿಲಿಟಿ‌ಚೇಂಜ್’ ಬಂದಾಗಲೂ ಭಾಗಗಳನ್ನು ಸರ್ವರ್‌ಗೆ ಕಳಿಸಿ, ಹಳೆಯದರೊಂದಿಗೆ ಬೆಸೆಯುವ ಕೆಲಸವನ್ನು ನಾನೇ ಬರೆಯಬೇಕಾಯಿತು. ವೀಡಿಯೊ ಓಡಲು ಬಿಟ್ಟು ಎದ್ದುಹೋದವರನ್ನು ಇದು ಹಿಡಿಯುವುದಿಲ್ಲ. ಕೆಲಸ ಕೊಟ್ಟವರಿಗೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

ಇನ್ನೊಂದು ತಲೆನೋವು, ವೀಡಿಯೊ ಕಾಯುತ್ತಿದೆ ಎಂದು ತೋರಿಸುವ ತಿರುಗುವ ಚಕ್ರದ್ದು. ‘ಪ್ಲೇ’ ಬಂದೊಡನೆ ವೀಡಿಯೊ ಓಡುತ್ತಿದೆ ಎಂದು ನಾನು ನಂಬಿದ್ದೆ. ಓಡಿಸಬೇಕೆಂಬ ಕೋರಿಕೆ ಬಂದಾಗಲೇ ಪ್ಲೇ ಬಂದುಬಿಡುತ್ತದೆ. ಚಿತ್ರ ನಿಜವಾಗಿ ಚಲಿಸತೊಡಗುವಾಗ ಬರುವುದು ‘ಪ್ಲೇಯಿಂಗ್’. ಆದ್ದರಿಂದ ‘ವೇಟಿಂಗ್’ ಬಂದಾಗ ಚಕ್ರ ತೋರಿಸಿ, ಪ್ಲೇಯಿಂಗ್ ಬಂದಾಗ ಅಡಗಿಸಿದೆ. ಆದರೂ ಕೆಲವರ ಪರದೆಯಲ್ಲಿ ಚಕ್ರ ನಿಲ್ಲದೆ ತಿರುಗುತ್ತಲೇ ಇತ್ತು. ನೆಟ್‌ವರ್ಕ್ ನಿಧಾನವಾಗಿ ವೀಡಿಯೊ ಕಾಯುತ್ತಿರುವಾಗಲೇ ಅವರು ವಿರಾಮದ ಗುಂಡಿ ಒತ್ತಿದ್ದರು. ಆಮೇಲೆ ದತ್ತಾಂಶ ಬಂದರೂ, ನಿಂತ ವೀಡಿಯೊಗೆ ಪ್ಲೇಯಿಂಗ್ ಬರುವುದಿಲ್ಲ, ಇನ್ನು ಓಡಬಹುದು ಎನ್ನುವ ‘ಕ್ಯಾನ್‌ಪ್ಲೇ’ ಮಾತ್ರ ಬರುತ್ತದೆ. ಅದಕ್ಕೂ ಚಕ್ರ ಅಡಗಿಸುವ ಸಾಲು ಸೇರಿಸಿದ ಮೇಲೆ ದೂರು ನಿಂತಿತು.

ಸಹಜವಾಗಿ ಕೊನೆ ಮುಟ್ಟಿದ ವೀಡಿಯೊ ಎಂಡೆಡ್‌ಗೆ ಮೊದಲು ಪಾಸ್ ಕಳಿಸುತ್ತದೆ ಎಂಬುದೂ ಗೊತ್ತಿರಲಿಲ್ಲ. ‘ನೀವು ಪಾಠವನ್ನು ನಿಲ್ಲಿಸಿದ್ದೀರಿ’ ಎಂಬ ಸೂಚನೆ ಪಾಠ ಮುಗಿಸಿದವರಿಗೂ ಮಿಂಚಿ ಮಾಯವಾಗುತ್ತಿತ್ತು. ಪಾಸ್ ಬಂದಾಗ ವೀಡಿಯೊದ ‘ಎಂಡೆಡ್’ ಗುಣ ಸತ್ಯವೇ ಎಂದು ನೋಡಿಕೊಂಡು ಸುಮ್ಮನಿರುವುದೇ ಪರಿಹಾರ.

ಎಲ್ಲಕ್ಕಿಂತ ಸತಾಯಿಸಿದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುತ್ತಿದ್ದ ದೋಷ. ಒಟ್ಟು ಅವಧಿ ತೋರಿಸುವ ಜಾಗ ಕೆಲವೊಮ್ಮೆ ಖಾಲಿ ಉಳಿಯುತ್ತಿತ್ತು. ಪುಟವನ್ನು ಎರಡನೇ ಸಲ ತೆರೆದಾಗಲೇ ಹೆಚ್ಚು. ‘ಲೋಡೆಡ್‌ಮೆಟಾಡೇಟಾ’ (ವೀಡಿಯೊದ ಅವಧಿ ಮುಂತಾದ ವಿವರ ಬಂದಿದೆ ಎಂಬ ಈವೆಂಟ್) ಬಂದಾಗ ಅವಧಿ ಬರೆಯುವಂತೆ ಮಾಡಿದ್ದೆ. ವೀಡಿಯೊ ಕ್ಯಾಶ್‌ನಲ್ಲಿ (ಬ್ರೌಸರ್ ಮೊದಲೇ ಉಳಿಸಿಟ್ಟುಕೊಂಡ ಪ್ರತಿಗಳಲ್ಲಿ) ಇದ್ದಾಗ ಆ ಈವೆಂಟ್ ನನ್ನ ಸ್ಕ್ರಿಪ್ಟ್ ಓಡುವ ಮೊದಲೇ ಬಂದು ಹೋಗಿರುತ್ತಿತ್ತು. ಹೋದ ಈವೆಂಟ್ ತಡವಾಗಿ ಬಂದ ಲಿಸನರ್‌ಗೋಸ್ಕರ ಮರಳಿ ಬರುವುದಿಲ್ಲ. ಈಗ ಮೊದಲು ‘ರೆಡಿಸ್ಟೇಟ್’ 1 ಅಥವಾ ಹೆಚ್ಚಿದೆಯೇ, ಅಂದರೆ ಆ ವಿವರ ಆಗಲೇ ಬಂದಿದೆಯೇ, ನೋಡುತ್ತೇನೆ. ಇದ್ದರೆ ಅವಧಿಯನ್ನು ನೇರವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಮಾತ್ರ ಲಿಸನರ್ ಸೇರಿಸುತ್ತೇನೆ.