ಬಟಾಡ್: ಬದುವಿನ ಮೇಲೆ ನಡೆದು ನೋಡಿದ ಗದ್ದೆ

ಮನಿಲಾದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಬನಾವೆ ಅನ್ನುವ ಗುಡ್ಡದ ಊರು. ಅಲ್ಲಿನ ವ್ಯೂಪಾಯಿಂಟ್‌ನಿಂದ ಮೆಟ್ಟಿಲು ಗದ್ದೆ ನೋಡಿ, ಫೋಟೋ ತೆಗೆದು ವಾಪಸ್ ಹೋಗುವವರು ತುಂಬಾ ಜನ. ನೀವು ಹಾಗೆ ಮಾಡಬೇಡಿ. ಫಿಲಿಪ್ಪೀನ್ಸ್‌ನ ಈ ಸೀಮೆಯಲ್ಲಿ ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಐದು ಕಡೆಯ ಗದ್ದೆಗಳನ್ನು. ವ್ಯೂಪಾಯಿಂಟ್ ಎದುರಿನವು ಅದರಲ್ಲಿ ಇಲ್ಲ. ಹತ್ತಿರದ ಬಟಾಡ್ ಊರಿನವು ಇವೆ.

ಜೀಪಿನಂಥ ಸಣ್ಣ ಬಸ್ಸು ‘ಜೀಪ್ನಿ’ಯಲ್ಲಿ ಬಟಾಡ್ ಕಡೆಗೆ ಹೋಗಿ, ರಸ್ತೆ ಮುಗಿದಲ್ಲಿಂದ ನಡೆದೆ. ತಿರುವು ದಾಟಿದ ಕೂಡಲೇ ಕಾಲು ತಾನಾಗಿ ನಿಂತಿತು. ಗುಡ್ಡ ಬೊಗಸೆಯ ಹಾಗೆ ಬಾಗಿದೆ. ತಳದಲ್ಲಿ ಊರು, ಮೇಲೆ ಆಕಾಶದವರೆಗೂ ಗದ್ದೆ. ಮೇ ತಿಂಗಳು, ಪೈರು ಹಸಿರಾಗಿತ್ತು.

ಮಧ್ಯಾಹ್ನ ಊರಿನವರೇ ಒಬ್ಬರು ದಾರಿ ತೋರಿಸಲು ಬಂದರು. ಅವರಿಲ್ಲದೆ ನಾನು ಹೋಗುತ್ತಿರಲಿಲ್ಲ. ಇಲ್ಲಿ ಬದು ಅಂದರೆ ಕಲ್ಲು ಕಟ್ಟಿದ ಗೋಡೆಯ ತಲೆ. ಕೆಲವು ಕಡೆ ಒಂದು ಪಾದ ಇಡುವಷ್ಟೇ ಅಗಲ. ಒಂದು ಕಡೆ ಕೆಸರು, ಇನ್ನೊಂದು ಕಡೆ ಆಳಕ್ಕೆ ಇಳಿದ ಗೋಡೆ. ಮೇಲಿನ ಗದ್ದೆಗೆ ಹತ್ತಲು ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳೇ ಮೆಟ್ಟಿಲು. ‘ತೂಕ ಒಳಗಡೆಗೆ ಇರಲಿ, ಜಾರಿದರೆ ಗದ್ದೆಗೇ ಬೀಳಿ’ ಅಂದರು. ಅರ್ಧ ಗಂಟೆಯಲ್ಲಿ ಹಾಗೇ ಆಯಿತು. ಮೊಣಕಾಲವರೆಗೆ ಕೆಸರು. ನನಗೆ ನೋವಾಗಲಿಲ್ಲ, ಆದರೆ ನಾಲ್ಕೈದು ಪೈರು ಮಲಗಿಬಿಟ್ಟಿತ್ತು. ಅವರು ಬಗ್ಗಿ ಒಂದೊಂದನ್ನೂ ಎತ್ತಿ ನಿಲ್ಲಿಸಿದರು. ನಾನೂ ಕೈ ಹಾಕಿದೆ. ಅವರು ಬೆಳೆಯುವ ‘ತಿನಾವೊನ್’ ಭತ್ತ ವರ್ಷಕ್ಕೆ ಒಂದೇ ಬೆಳೆ. ಹೆಸರಿನ ಅರ್ಥವೂ ಅದೇ. ಹೋದ ಪೈರಿಗೆ ಅದೇ ವರ್ಷ ಇನ್ನೊಂದು ಸಲ ಇಲ್ಲ ಅಲ್ವಾ? ಆಮೇಲೆ ಫೋಟೋ ತೆಗೆಯಬೇಕಾದರೆ ಮೊದಲು ನಿಂತೆ, ಆಮೇಲೆ ಫೋನ್ ಹೊರಗೆ ತೆಗೆದೆ. ಹೊರೆ ಹೊತ್ತು ಎದುರು ಬಂದವರಿಗೆ ದೂರದಿಂದಲೇ ಜಾಗ ಬಿಟ್ಟೆ.

ಮೇಲೆ ಹೋದಾಗ ಅವರು ಗದ್ದೆಗಿಂತ ಹೆಚ್ಚು ಕಾಡನ್ನೇ ತೋರಿಸಿದರು. ಗದ್ದೆಗಳ ನೆತ್ತಿಯಲ್ಲಿರುವ ಈ ಕಾಡಿಗೆ ‘ಮುಯೊಂಗ್’ ಅನ್ನುತ್ತಾರೆ. ಮನೆತನಗಳು ಕಾಪಾಡಿಕೊಂಡು ಬಂದ ಕಾಡು. ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಅದೇ. ಆ ನೀರು ಒಂದು ಗದ್ದೆ ತುಂಬಿ ಕೆಳಗಿನದಕ್ಕೆ ಇಳಿಯುತ್ತದೆ. ಮಧ್ಯೆ ಒಂದು ಗೋಡೆ ಕುಸಿದರೆ ಕೆಳಗಿನವರಿಗೂ ತೊಂದರೆ. ಕೆಲವು ಕಡೆ ಬೇಸಾಯ ಬಿಟ್ಟು, ಗೋಡೆಗಳು ಹಾಳಾಗಿ, 2001ರಿಂದ 2012ರವರೆಗೆ ಈ ಗದ್ದೆಗಳು ಯುನೆಸ್ಕೊದ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಯಲ್ಲಿದ್ದವು. ಕಲ್ಲು ಮತ್ತೆ ಜೋಡಿಸುವುದು ಎಷ್ಟು ಕಷ್ಟದ ಕೆಲಸ ಅಂತ ಆ ಗೋಡೆ ಹತ್ತಿದ ಮೇಲೆ ನನಗೆ ಗೊತ್ತಾಯಿತು.

ತಪ್ಪಿಯಾ ಜಲಪಾತಕ್ಕೂ ಇಳಿದೆ. ಚೆನ್ನಾಗಿದೆ, ಆದರೆ ಮಂಡಿ ನೋವಿರುವವರು ಬಿಟ್ಟರೂ ಪರವಾಗಿಲ್ಲ.

ರಾತ್ರಿ ಊರಲ್ಲೇ ಉಳಿದೆ. ಒಂದು ರಾತ್ರಿ ಉಳಿಯಲೇಬೇಕು. ಬೆಳಗಿನ ಜಾವ ಎದ್ದು ಹೊರಗೆ ಬಂದಾಗ ಮಂಜು ಕವಿದು ಗದ್ದೆ ಏನೂ ಕಾಣಲಿಲ್ಲ. ಬದುವಿಂದ ಬದುವಿಗೆ ನೀರು ಇಳಿಯುವ ಸದ್ದು ಮಾತ್ರ ಸುತ್ತ ಕೇಳುತ್ತಿತ್ತು.