ಡೀಸೆಲ್ ಪಿಕಪ್‌ಗೆ ಆಯಿಲ್ ಎಷ್ಟು ಬೇಕು, ಹೇಗೆ ಬದಲಿಸಬೇಕು?

ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವ ಪಿಕಪ್ ಆಗಲಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ಹಳ್ಳಿಗಳಿಗೆ ಮಾಲು ಒಯ್ಯುವ ಪಿಕಪ್ ಆಗಲಿ, ಅದರ ಎಂಜಿನ್ನಿಗೆ ಎಷ್ಟು ಲೀಟರ್ ಆಯಿಲ್ ಬೇಕು ಎಂಬುದನ್ನು ಬಾಯಿಮಾತಿನಿಂದ ತಿಳಿದುಕೊಳ್ಳಬಾರದು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ ಹಿಡಿಯುವ ಪ್ರಮಾಣವೇ ಬೇರೆ, ಫಿಲ್ಟರ್ ಸಹಿತ ಆಯಿಲ್ ಬದಲಿಸಿದಾಗ ಹಿಡಿಯುವ ಪ್ರಮಾಣವೇ ಬೇರೆ. ಏಕೆಂದರೆ ಎಷ್ಟು ಹೊತ್ತು ಸೋರಿಸಿದರೂ ಹಳೆಯ ಆಯಿಲ್ ಸ್ವಲ್ಪ ಎಂಜಿನ್ನಿನ ಒಳದಾರಿಗಳಲ್ಲಿ ಮತ್ತು ಆಯಿಲ್ ಕೂಲರ್‌ನಲ್ಲಿ ಉಳಿದೇ ಇರುತ್ತದೆ. ನಮಗೆ ಬೇಕಾದದ್ದು ಎರಡನೆಯ ಅಂಕಿ. ಅಮೆರಿಕದ ಪಿಕಪ್‌ಗಳಲ್ಲಿರುವ 6.7 ಲೀಟರಿನ ಕಮಿನ್ಸ್ ಎಂಜಿನ್ 11 ಲೀಟರಿಗೂ ಹೆಚ್ಚು ಆಯಿಲ್ ಕುಡಿಯುತ್ತದೆ. ಅಂಥ ಗಾಡಿಗಳ ವಿಡಿಯೊ ನೋಡಿ, 2.5 ಲೀಟರ್ ಅಥವಾ ಅದಕ್ಕೂ ಸಣ್ಣ ಎಂಜಿನ್ ಇರುವ ನಮ್ಮ ಗಾಡಿಗಳಿಗೆ ಲೆಕ್ಕ ಹಾಕಬಾರದು. ಒಂದೇ ಹೆಸರಿನ ಗಾಡಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ಎಂಜಿನ್ ಬದಲಾಗಿರುವುದುಂಟು. ಆದ್ದರಿಂದ ಕಂಪನಿಯ ಕೈಪಿಡಿಯನ್ನು ನೋಡಬೇಕು, ಕೊನೆಯ ತೀರ್ಪನ್ನು ಡಿಪ್‌ಸ್ಟಿಕ್‌ಗೆ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಗೆ, ಬಿಡಬೇಕು.

ಆಯಿಲಿನ ದರ್ಜೆಯಲ್ಲಿಯೂ ಎಚ್ಚರ ಬೇಕು. ಹಳೆಯ ಡೀಸೆಲ್ ಗಾಡಿಗಳಿಗೆ 15ಡಬ್ಲ್ಯು-40 ಸಾಮಾನ್ಯ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಗಾಡಿಗಳ ಪೈಕಿ ಹೊಗೆಕೊಳವೆಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವವಕ್ಕೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಇಲ್ಲವಾದರೆ ಆ ಬೂದಿ ಡಿಪಿಎಫ್‌ನಲ್ಲಿ ಕಟ್ಟಿಕೊಂಡು, ಆಯಿಲಿನಲ್ಲಿ ಉಳಿಸಿದ ಹಣಕ್ಕಿಂತ ಹಲವು ಪಟ್ಟು ಖರ್ಚು ತರುತ್ತದೆ.

ಬದಲಿಸುವ ಮುನ್ನ ಎಂಜಿನ್ನನ್ನು ಐದು-ಹತ್ತು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಬಂದ್ ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಆಯಿಲ್ ಸುರಿಯುವ ಮೇಲಿನ ಮುಚ್ಚಳ ತೆಗೆದು, ಕೆಳಗೆ ಅಗಲವಾದ ತೊಟ್ಟಿ ಇಟ್ಟು, ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಡ್ರೇನ್ ಬೋಲ್ಟನ್ನು ಸರಿಯಾದ ಅಳತೆಯ ಪಾನಾದಿಂದ ಸಡಿಲಿಸಿ. ಕೊನೆಯ ಸುತ್ತುಗಳನ್ನು ಕೈಯಿಂದ ಬಿಚ್ಚುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದು ಒಮ್ಮೆಲೇ ಪಕ್ಕಕ್ಕೆ ಸೆಳೆದುಕೊಂಡರೆ ಬಿಸಿ ಆಯಿಲ್ ಮೊಣಕೈಗೆ ಇಳಿಯುವುದಿಲ್ಲ. ಧಾರೆ ನಿಂತು ತೊಟ್ಟಿಕ್ಕತೊಡಗಿದ ಮೇಲೂ ಹತ್ತು ನಿಮಿಷ ಬಿಡಿ. ಬೋಲ್ಟನ್ನು ಮತ್ತೆ ಬಿಗಿ ಮಾಡುವಾಗ ಹೊಸ ವಾಷರ್ ಹಾಕಿ. ಅದರ ಬೆಲೆ ಕೆಲವೇ ರೂಪಾಯಿ, ಆದರೆ ಹಳೆಯದನ್ನೇ ಹಾಕುವ ಚಾಳಿ ಮಾತ್ರ ಹೋಗಿಲ್ಲ.

ಹಳೆಯ ಆಯಿಲ್ ಫಿಲ್ಟರ್ ಬಿಚ್ಚಿ ತೆಗೆದು, ಹೊಸದರ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ಹಳೆಯ ರಬ್ಬರು ಎಂಜಿನ್ನಿಗೆ ಅಂಟಿಕೊಂಡಿಲ್ಲವೆಂದು ಮುಟ್ಟಿ ನೋಡಿ, ಹೊಸ ರಬ್ಬರು ತಾಗಿದ ಮೇಲೆ ಮುಕ್ಕಾಲು ಸುತ್ತಿನಷ್ಟು ಕೈಯಿಂದಲೇ ಬಿಗಿ ಮಾಡಿ.

ಈಗ ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ. ಎಂಜಿನ್ ಹಚ್ಚಿ, ಆಯಿಲ್ ದೀಪ ಆರುವವರೆಗೆ ಎಕ್ಸಿಲರೇಟರ್ ಒತ್ತಬೇಡಿ, ಏಕೆಂದರೆ ಟರ್ಬೊಗೆ ಆಯಿಲ್ ತಲುಪಲು ಒಂದಿಷ್ಟು ಹೊತ್ತು ಬೇಕು. ಒಂದೆರಡು ನಿಮಿಷದ ಬಳಿಕ ಬಂದ್ ಮಾಡಿ, ಆಯಿಲ್ ಕೆಳಗಿಳಿದ ಮೇಲೆ ಕಡ್ಡಿಯನ್ನು ಒರೆಸಿ, ಪೂರ್ತಿ ತೂರಿಸಿ, ತೆಗೆದು ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿ ಮೇಲಿನ ಗುರುತಿನವರೆಗೆ ತನ್ನಿ. ಕ್ಯಾನಿನಲ್ಲಿ ಉಳಿದಿದೆಯೆಂದು ಪೂರ್ತಿ ಸುರಿಯುವುದು ತಪ್ಪು: ಗುರುತು ಮೀರಿದ ಆಯಿಲನ್ನು ಒಳಗೆ ತಿರುಗುವ ಕ್ರ್ಯಾಂಕ್ ದಂಡ ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿಯಿಲ್ಲ.

ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ. ಡೀಸೆಲ್ ಮಸಿಯನ್ನು ಹಿಡಿದಿಡುವುದು ಅದರ ಕೆಲಸವೇ. ಹಾಲಿನಂತೆ ಬೆಳ್ಳಗಾದರೆ ಮಾತ್ರ ಒಳಗೆ ನೀರು ಸೇರಿರಬಹುದು, ಗಾಡಿ ನಿಲ್ಲಿಸಿ ತೋರಿಸಿ. ಬಿಎಸ್-6 ಗಾಡಿಯಲ್ಲಿ ಸೇರಿಸದೆಯೇ ಆಯಿಲ್ ಮಟ್ಟ ಏರಿದ್ದರೆ, ಡಿಪಿಎಫ್ ತನ್ನ ಮಸಿ ಸುಟ್ಟುಕೊಳ್ಳುವ ಮೊದಲೇ ಎಂಜಿನ್ ಬಂದ್ ಆಗುತ್ತಿದ್ದು, ಡೀಸೆಲ್ ಆಯಿಲಿಗೆ ಇಳಿಯುತ್ತಿರುವ ಸಂಭವವಿದೆ. ಹುಬ್ಬಳ್ಳಿ-ಧಾರವಾಡದ ಒಳಗೇ ಸಣ್ಣ ಸಣ್ಣ ಟ್ರಿಪ್ ಹೊಡೆಯುವವರು ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆ ನೋಡಬೇಕು. ಪೂರ್ತಿ ಲೋಡಿನಲ್ಲಿ, ಎರೆಹೊಲಗಳ ಧೂಳುದಾರಿಯಲ್ಲಿ ಓಡುವ ಗಾಡಿಗೆ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಕೊಟ್ಟಿರುವ ಕಡಿಮೆ ಕಿಲೋಮೀಟರಿನ ಅವಧಿಯೇ ಅನ್ವಯಿಸುತ್ತದೆ. ಏರ್ ಫಿಲ್ಟರನ್ನೂ ಆಗಲೇ ನೋಡಿಬಿಡಿ.

ಹಳೆಯ ಆಯಿಲನ್ನು ಗಟಾರಕ್ಕೋ ಹೊಲದ ಬದುವಿಗೋ ಚೆಲ್ಲದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.