ವಾರಂಟಿ ಇರುವಾಗಲೇ ಕಾರಿನ ಸ್ಟೀರಿಯೊ ಕೆಟ್ಟರೆ ಏನು ಮಾಡಬೇಕು?

ಕಾರಿನ ಸ್ಟೀರಿಯೊ ಕೈಕೊಟ್ಟಾಗ ಮೊದಲು ನೋಡಬೇಕಾದದ್ದು ಅದನ್ನು ಕೂರಿಸಿದವರು ಯಾರು ಎಂಬುದನ್ನು. ಕಾರ್ಖಾನೆಯಿಂದಲೇ ಬಂದಿದ್ದರೆ ಸಾಮಾನ್ಯವಾಗಿ ಕಾರಿನ ವಾರಂಟಿಯೇ ಅದಕ್ಕೂ ಅನ್ವಯಿಸುತ್ತದೆ. ಶೋರೂಂನಲ್ಲಿ ಆಕ್ಸೆಸರಿಯಾಗಿ ಹಾಕಿಸಿಕೊಂಡಿದ್ದರೆ ಬಿಲ್ಲೂ ವಾರಂಟಿ ಅವಧಿಯೂ ಬೇರೆಯಾಗಿರಬಹುದು. ಹೊರಗಿನ ಅಂಗಡಿಯಲ್ಲಿ, ಅದರಲ್ಲೂ ಕಪ್ಲರ್ (ವೈರ್ ಕತ್ತರಿಸದೆ ಜೋಡಿಸಲು ಬಳಸುವ ಪ್ಲಗ್) ಬಳಸದೆ ವೈರ್ ಕತ್ತರಿಸಿ ಜೋಡಿಸಿದ್ದರೆ, ಕಾರಿನ ಕಂಪನಿ ಹೊಣೆ ಹೊರಲು ಒಪ್ಪುವುದು ಕಷ್ಟ.

ಸರ್ವಿಸ್ ಸೆಂಟರ್‌ಗೆ ಹೋಗುವ ಮುನ್ನ ಬೇರೊಂದು ಫೋನನ್ನು ಬ್ಲೂಟೂತ್‌ಗೆ ಜೋಡಿಸಿ ನೋಡಿ. ಫ್ಯೂಸ್ ಮತ್ತು ಬ್ಯಾಟರಿಯನ್ನೂ ಪರೀಕ್ಷಿಸಿಕೊಳ್ಳಿ. ಬ್ಯಾಟರಿ ದುರ್ಬಲವಾಗಿದ್ದರೆ ಎಂಜಿನ್ ಚಾಲೂ ಮಾಡುವಾಗ ವೋಲ್ಟೇಜ್ ಕುಸಿದು ಸ್ಟೀರಿಯೊ ತಾನಾಗಿ ರೀಸ್ಟಾರ್ಟ್ ಆಗುವುದುಂಟು. ಸೆಟ್ಟನ್ನು ಮಾತ್ರ ನೀವೇ ಬಿಚ್ಚಬೇಡಿ.

ಅತ್ಯಂತ ತೊಂದರೆ ಕೊಡುವುದು ಬಂದು ಹೋಗುವ ದೋಷ. ದಾರಿಯುದ್ದಕ್ಕೂ ಆರಿ ಹೊತ್ತಿಕೊಳ್ಳುತ್ತಿದ್ದ ಪರದೆ ಮೆಕ್ಯಾನಿಕ್ ಎದುರು ಸರಿಯಾಗಿಯೇ ಇರುತ್ತದೆ, ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಗಾಡಿಯನ್ನು ಹಿಂದಿರುಗಿಸುತ್ತಾರೆ. ಆದ್ದರಿಂದ ದೋಷ ಕಾಣಿಸಿಕೊಂಡಾಗಲೆಲ್ಲ ಕಾರು ನಿಲ್ಲಿಸಿ ವಿಡಿಯೊ ಮಾಡಿಕೊಳ್ಳಿ. ದಿನಾಂಕ, ಹೊತ್ತು, ಕಾರು ಬಿಸಿಲಲ್ಲಿ ನಿಂತಿತ್ತೇ ಎಂಬಂಥ ವಿವರಗಳನ್ನು ಗುರುತು ಹಾಕಿಕೊಳ್ಳಿ. ಸರ್ವಿಸ್ ಅಡ್ವೈಸರ್, ಗಾಡಿಯ ದೂರು ಮತ್ತು ಮಾಡಬೇಕಾದ ಕೆಲಸವನ್ನು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ‘ಸ್ಟೀರಿಯೊ ಚೆಕ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ‘ಚಾಲನೆಯಲ್ಲಿರುವಾಗ ಪರದೆ ಆರುತ್ತದೆ, ರಿವರ್ಸ್ ಕ್ಯಾಮೆರಾ ಕಾಣುವುದಿಲ್ಲ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿಯನ್ನು ಪಡೆಯಿರಿ. ದುರಸ್ತಿಗೆ ಹಣ ತೆಗೆದುಕೊಳ್ಳದಿದ್ದರೂ ಬಿಲ್ಲು ಕೇಳಿ ಪಡೆಯಿರಿ, ಏಕೆಂದರೆ ಒಂದೇ ದೋಷಕ್ಕೆ ನೀವು ಮೂರು ಬಾರಿ ಬಂದಿದ್ದಿರಿ ಎಂಬುದನ್ನು ಮುಂದೆ ಹೇಳುವುದು ಈ ಕಾಗದಗಳೇ.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೂ ಸರಿಹೋಗದಿದ್ದರೆ ಸೆಟ್ ಬದಲಿಸಿಕೊಡುವಂತೆ ಡೀಲರ್‌ಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಇಮೇಲ್ ಬರೆದು, ಉತ್ತರಕ್ಕೆ ಗಡುವು ನೀಡಿ. ಹಳೆಯ ಸೆಟ್ ಒಪ್ಪಿಸುವ ಮುನ್ನ ಅದರಲ್ಲಿರುವ ಫೋನ್ ನಂಬರುಗಳನ್ನು ಅಳಿಸಿ; ಹೊಸದರ ಸೀರಿಯಲ್ ನಂಬರನ್ನೂ ಅದರ ವಾರಂಟಿ ಎಲ್ಲಿಯವರೆಗೆ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಇಷ್ಟಾದರೂ ಪ್ರಯೋಜನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂದಿನ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ, ಕಾರು ಕೊಂಡದ್ದು ಬೇರೆ ಊರಿನಲ್ಲಾದರೂ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ವಕೀಲರನ್ನು ನೇಮಿಸಿಕೊಳ್ಳಲೇಬೇಕೆಂದಿಲ್ಲ. ದೋಷವನ್ನು ಖಚಿತಪಡಿಸಿಕೊಳ್ಳಲು ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದಾದ್ದರಿಂದ, ದೂರು ಇತ್ಯರ್ಥವಾಗುವವರೆಗೆ ಆ ಸೆಟ್ಟನ್ನು ಹೊರಗೆ ಎಲ್ಲಿಯೂ ರಿಪೇರಿ ಮಾಡಿಸಬೇಡಿ.